ಹಗ್ಗ ಹಿಡಿಯುವವಳ ಅಹವಾಲು

ಬಂಡೆ ಹತ್ತುವವರ ಫೋಟೋ ಎಲ್ಲರೂ ನೋಡಿರುತ್ತೀರಿ. ಕೆಳಗೆ ಹಗ್ಗ ಹಿಡಿದು ನಿಂತವರ ಫೋಟೋ ನೋಡಿದ್ದೀರಾ? ಇಲ್ಲ ಅಲ್ವಾ. ಫೋಟೋ ತೆಗೆಯುವವರೇ ಅವರು. ಅದಕ್ಕೂ ಹಗ್ಗ ಹಿಡಿದ ಕೈ ಬಿಡುವ ಹಾಗಿಲ್ಲ, ಆ ಮಾತು ಬೇರೆ.

ನಮ್ಮ ಯಜಮಾನರಿಗೆ ಸ್ಪೋರ್ಟ್ ಕ್ಲೈಂಬಿಂಗ್ ಹುಚ್ಚು. ಓದುವ ಕಾಲದಲ್ಲಿ ಈ ಮನುಷ್ಯ ಮೈಸೂರು-ಬೆಂಗಳೂರು ಬಸ್ಸಿನಲ್ಲಿ ಓಡಾಡಿಕೊಂಡಿದ್ದವರು. ರಾಮನಗರದ ಬಂಡೆಗಳು ಕಿಟಕಿಯಲ್ಲೇ ಕಾಣುತ್ತಿದ್ದವು. ಆಗ ಗೊರಕೆ ಹೊಡೆದರು. ಈಗ ನಾವಿರುವ ಜರ್ಮನಿಯ ಮ್ಯೂನಿಕ್‌ನಿಂದ ಗಡಿ ದಾಟಿ, ಆಸ್ಟ್ರಿಯಾದ ಝಿಲ್ಲರ್‌ಟಾಲ್ ಕಣಿವೆಗೇ ಹೋಗಿ ಹತ್ತಬೇಕಂತೆ.

ಜಾಗ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮೈರ್‌ಹೋಫೆನ್ ದಾಟಿ ಗಿಂಜ್ಲಿಂಗ್ ಎಂಬ ಹಳ್ಳಿಯ ಕಡೆ ಹೋದರೆ ಕಣಿವೆ ಕಿರಿದಾಗುತ್ತದೆ. ಕಾಡಿನೊಳಗೆ ಮನೆ ಗಾತ್ರದ ಬಂಡೆಗಳು. ಹತ್ತುವವರು ಇದನ್ನು ಗ್ರಾನೈಟ್ ಎನ್ನುತ್ತಾರೆ. ಕಲ್ಲು ಓದಿದವರು ಬಂದರೆ ಇಲ್ಲ, ಇದು ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಬದಲಾದ ಗ್ರಾನೈಟ್, ಇದಕ್ಕೆ ನೈಸ್ ಅನ್ನಬೇಕು ಎನ್ನುತ್ತಾರೆ. ಮಂಡಿ ತರಚಿದಾಗ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಕ್ಕದಲ್ಲೇ ತ್ಸೆಮ್ ಹೊಳೆ. ಅದು ಗಿಂಜ್ಲಿಂಗ್ ಹಳ್ಳಿಯನ್ನೇ ಎರಡು ಮಾಡಿ, ಒಂದು ದಡವನ್ನು ಒಂದು ಪಂಚಾಯಿತಿಗೆ, ಇನ್ನೊಂದನ್ನು ಇನ್ನೊಂದಕ್ಕೆ ಕೊಟ್ಟಿದೆ. ಅದರ ಸದ್ದಿನಲ್ಲಿ ಮಾತಾಡುವುದು ಅಂದರೆ ಕಿರುಚುವುದು ಅಂತಲೇ ಅರ್ಥ.

ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ಬಂಡೆಗೆ ಮೊದಲೇ ಬೋಲ್ಟ್ ಹೊಡೆದಿರುತ್ತಾರೆ. ಹತ್ತುವವರು ಬೋಲ್ಟ್ ಸಿಕ್ಕಿದಲ್ಲೆಲ್ಲ ಕೊಂಡಿ ಹಾಕಿ, ಅದರೊಳಗೆ ಹಗ್ಗ ತೂರಿಸುತ್ತಾ ಹೋಗುತ್ತಾರೆ. ಹಗ್ಗದ ಇನ್ನೊಂದು ಕಡೆ ನಾನು. ಕೊನೆಯ ಬೋಲ್ಟ್‌ಗಿಂತ ಒಂದು ಮೀಟರ್ ಮೇಲಿಂದ ಬಿದ್ದರೆ ಎರಡು ಮೀಟರ್ ಬೀಳುತ್ತಾರೆ. ಹಗ್ಗ ಎಳೆದುಕೊಳ್ಳುವುದರಿಂದ ಇನ್ನಷ್ಟು ಜಾಸ್ತಿ. ಯಜಮಾನರಿಗೂ ನನಗೂ ತೂಕದಲ್ಲಿ ಮೂವತ್ತು ಕೆ.ಜಿ. ಅಂತರ. ಮೇಲಿನ ಬೋಲ್ಟು ಬಾವಿಯ ರಾಟೆ ಇದ್ದ ಹಾಗೆ. ತುಂಬಿದ ಕೊಡ ಕೆಳಗೆ ಬಂದರೆ ಖಾಲಿ ಕೊಡ ಏನಾಗುತ್ತದೆ? ಅವರು ಬಿದ್ದರು, ನಾನು ಹಾರಿದೆ. ನಡುದಾರಿಯಲ್ಲಿ ಮುಖಾಮುಖಿ ಆದೆವು.

"ನೀನ್ಯಾಕೆ ಬಂದೆ?" ಅಂದರು.

ಆಮೇಲೆ ಮೊದಲ ಬೋಲ್ಟ್‌ನಲ್ಲಿ ಹಗ್ಗವನ್ನು ಉಜ್ಜಿ ಹಿಡಿಯುವ ಒಂದು ಸಾಧನ ಕೊಂಡರು. ಹಗುರ ಇರುವವರು ಹಾರದಿರಲಿ ಅಂತಲೇ ಮಾಡಿದ್ದು. ನನ್ನ ಸೊಂಟದಲ್ಲಿರುವ, ಹಗ್ಗ ತೂರಿಸಿಕೊಂಡ ಗ್ರಿಗ್ರಿ ಎಂಬ ಸಾಧನ, ಹಗ್ಗ ಜೋರಾಗಿ ಎಳೆದಾಗ ತಾನೇ ಕಚ್ಚಿಕೊಳ್ಳುತ್ತದೆ. ಆದರೂ ಬಲಗೈ ಹಗ್ಗ ಬಿಡುವಂತಿಲ್ಲ. ಇದು ಕಾಡಿನ ಇರುವೆಗಳಿಗೆ ಚೆನ್ನಾಗಿ ಗೊತ್ತು.

ಇನ್ನು ಮೇಲಿನವರ ಕಥೆ. ಮ್ಯೂನಿಕ್‌ನಲ್ಲಿ ಹತ್ತುವುದನ್ನು ಅಭ್ಯಾಸ ಮಾಡುವ ಹಾಲ್‌ನಲ್ಲಿ ಹಿಡಿಗಳಿಗೆ ಬಣ್ಣ ಇರುತ್ತದೆ. ಹಳದಿ ಹಿಡಿದು ಹೋದರೆ ಮೇಲೆ ಮುಟ್ಟುತ್ತೀರಿ. ಇಲ್ಲಿ ಬೂದು ಬಂಡೆ, ಅದರ ಮೇಲೆ ಬೂದು ಹಿಡಿ. ಎಷ್ಟೋ ಕಡೆ ಹಿಡಿಯೇ ಇಲ್ಲ. ಶೂ ರಬ್ಬರನ್ನು ನಂಬಿ ನಿಲ್ಲಬೇಕು. ಆ ಶೂ ಎಷ್ಟು ಬಿಗಿ ಅಂದರೆ ಬೆರಳೆಲ್ಲ ಮಡಚಿಕೊಂಡಿರುತ್ತವೆ. "ಹಿಡಿ ಎಲ್ಲಿದೆಯೇ?" ಅಂತ ಮೇಲಿಂದ ಕೇಳುತ್ತಾರೆ. ಮನೆಯಲ್ಲಿ ಕನ್ನಡಕ ಎಲ್ಲಿದೆ ಅಂತ ಕೇಳುವುದೂ ಇದೇ ರಾಗದಲ್ಲಿ.

ಕುತ್ತಿಗೆ ನೋಯುತ್ತದೆಂದು ನನಗೂ ಒಂದು ಕನ್ನಡಕ ಕೊಡಿಸಿದ್ದಾರೆ. ಅದರಲ್ಲಿ ಪ್ರಿಸಂ ಇದೆ. ನೇರ ನೋಡಿದರೂ ಮೇಲಿರುವುದು ಕಾಣುತ್ತದೆ. ಆ ದಿನವೂ ಅದನ್ನೇ ಹಾಕಿಕೊಂಡು ನಿಂತಿದ್ದೆ. ಹೊಳೆ ಜೋರಾಗಿತ್ತು. ಕೊಂಡಿಗೆ ತೂರಿಸಲು ಹಗ್ಗ ಸಡಿಲ ಬಿಡು ಅಂತ ಯಜಮಾನರು ಮೇಲಿಂದ ಕಿರುಚಿದರು.

"ಬಿಡೇ! ಬಿಡು ಅಂದ್ರೆ ಬಿಡಲ್ವಲ್ಲ ನೀನು!"

"ಬಿಟ್ರೆ ಎಲ್ಲಿಗೆ ಹೋಗ್ತೀರಿ ಅಂತ ಗೊತ್ತು ಕಣ್ರೀ!"

"ಅಯ್ಯೋ, ಹಿಡಿ ಹಿಡಿ! ಬಿಟ್ರೆ ಸತ್ತೆ!"

ಯಾರೋ ಎದುರಿಗೆ ಬಂದು ನಿಂತ ಹಾಗಾಯಿತು. "ಕನ್ನಡದೋರಾ? ಯಾಕ್ ತಾಯಿ ಜಗಳ? ಪರದೇಶದಲ್ಲಿ ಗಂಡ ಹೆಂಡ್ತಿ ಹಿಂಗೆ ಕೂಗಾಡಬಾರ್ದು." ನಾನು ಆ ದನಿಯ ಕಡೆಗೇ ನೋಡಿದೆ. ಕಂಡದ್ದು ಮಾತ್ರ ಮೇಲಿರುವ ಯಜಮಾನರ ಪ್ಯಾಂಟಿನ ಹಿಂಭಾಗ. ಅದಕ್ಕೇ "ನಮಸ್ಕಾರ" ಅಂದೆ.

ಹಾಸನದ ಕಡೆಯ ಅಜ್ಜಿ. ಮಗನ ಮನೆಗೆ ಬಂದಿದ್ದರಂತೆ. ಮಗ 131 ಮೀಟರ್ ಎತ್ತರದ ಶ್ಲೆಗೈಸ್ ಅಣೆಕಟ್ಟು ತೋರಿಸಲು ಹೊರಟು, ಪುಳಿಯೋಗರೆ ತಿನ್ನೋಣ ಅಂತ ಕಾರು ನಿಲ್ಲಿಸಿದ್ದ. ನಮ್ಮ ಕೂಗಾಟ ರಸ್ತೆಗೆ ಕೇಳಿ, ರಾಜಿ ಮಾಡಿಸಲು ಅಜ್ಜಿ ಕಾಲುಸೇತುವೆ ದಾಟಿ ಬಂದಿದ್ದರು.

"ಹಗ್ಗ ನಿನ್ ಕೈಲೇ ಇದ್ಯಾ?"

"ಹೂಂ ಅಜ್ಜಿ."

"ನೀನ್ ಬಿಟ್ರೇನೇ ಅವ್ನು ಇಳಿಯೋದಾ?"

"ಹೂಂ."

ಅಜ್ಜಿ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಕೇಳೋದೇನಿದ್ರೂ ಈಗ್ಲೇ ಕೇಳ್ಬಿಡು."

ಅಷ್ಟರಲ್ಲಿ ಯಜಮಾನರು ತುದಿಯ ಸರಪಳಿ ಮುಟ್ಟಿದ್ದರು. "ಆಯ್ತು, ಇಳಿಸೇ!"

"ರೀ, ಸಂಕ್ರಾಂತಿಗೆ ತವರಿಗೆ ಟಿಕೆಟ್ ಮಾಡ್ತೀನಿ ಅಂದಿದ್ರಿ."

"ಕೆಳಗೆ ಬಂದು ಮಾತಾಡೋಣ!"

"ಹೊಳೆ ಸದ್ದು! ಕೇಳಿಸ್ತಿಲ್ಲ!"

"ಬೆರಳು ನೋಯ್ತಿದೆ ಕಣೇ! ಮಾಡ್ತೀನಿ! ಎಷ್ಟು ದಿನಕ್ಕೆ?"

ಎರಡು ವಾರ ಅನ್ನಲು ಬಾಯಿ ತೆರೆದೆ. ಅಜ್ಜಿ ಮೊಣಕೈಯಲ್ಲಿ ತಿವಿದರು.

"ಒಂದು ತಿಂಗಳು ಅನ್ನು."