ಭಾವ ಇನ್ನು ಓಟು ಹಾಕುವುದಿಲ್ಲವಂತೆ

ಅಮೇರಿಕಾದಿಂದ ಭಾವನ ಫೋನು. "ಆನಿನ್ನು ಅವಂಗೆ ಓಟು ಹಾಕ್ತಿಲ್ಲೆ ಭಾವಾ, ಖಂಡಿತ ಹಾಕ್ತಿಲ್ಲೆ." ಯಾರಿಗೆ ಅಂತ ನಿಮಗೆ ಹೇಳಬೇಕಾಗಿಲ್ಲ. 2024ರ ನವೆಂಬರಿನಲ್ಲಿ ಇದೇ ಭಾವ ಇದೇ ಫೋನಲ್ಲಿ ಮುಕ್ಕಾಲು ಗಂಟೆ ಕೊರೆದಿದ್ದರು, ನಾನು ಸ್ಪೀಕರಿಗೆ ಹಾಕಿ ಅಡಿಕೆ ಸುಲಿಯುತ್ತಾ ಕೇಳಿದ್ದೆ. ಟ್ರಂಪ್ ಬಂದರೆ ಯುದ್ಧ ಅಂತ ಒಂದು ಇರುವುದೇ ಇಲ್ಲ, ಗೆದ್ದ ರಾತ್ರಿಯೇ ಸ್ಟೇಜಲ್ಲಿ ನಿಂತು ನಾನು ಯುದ್ಧ ಶುರು ಮಾಡುವವನಲ್ಲ ನಿಲ್ಲಿಸುವವನು ಅಂತ ಹೇಳಿದ್ದಾನೆ, ಇನ್ನೆಂತ ಬೇಕು ನಿಮಗೆ ಅಂತ. ನನಗೆಂತ ಬೇಕು, ನನಗೆ ಕೊಳೆರೋಗ ಬಾರದಿದ್ದರೆ ಸಾಕು.

ನಾನು ಮೆಲ್ಲ ಹೇಳಿದೆ, ಭಾವಾ, ನೀವು ಹಾಕುತ್ತೇನೆ ಅಂದರೂ ಹಾಕಲಿಕ್ಕಾಗುವುದಿಲ್ಲ, ನಿಮ್ಮ ಸಂವಿಧಾನಕ್ಕೆ 1951ರಲ್ಲೇ 22ನೇ ತಿದ್ದುಪಡಿ ಬಂದಿದೆ, ಎರಡು ಸಲ ಗೆದ್ದವ ಮೂರನೇ ಸಲ ನಿಲ್ಲುವ ಹಾಗಿಲ್ಲ. ಆಚೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಬಾಗಿಲು ಮುಚ್ಚಿ ವರ್ಷವಾದ ಹೋಟೆಲಿನ ಎದುರು ನಿಂತು, ಇನ್ನು ಸತ್ತರೂ ಇಲ್ಲಿ ಗೋಳಿಬಜೆ ತಿನ್ನುವುದಿಲ್ಲ ಅಂತ ಶಪಥ ಮಾಡಿದ ಹಾಗೆ ಆಯ್ತಲ್ಲ ಇದು.

ಆದರೆ ಆ ಟ್ರಂಪ್ ಅನ್ನುವ ಮನುಷ್ಯನನ್ನು ಸ್ವಲ್ಪ ಹೊಗಳಲೇಬೇಕು ಮಾರಾಯ್ರೆ. ಶಾಂತಿ ಅಂದರೆ ಏನು ಅಂತ ಇಷ್ಟು ಚಂದ ಯಾರೂ ತೋರಿಸಿ ಕೊಟ್ಟಿರಲಿಲ್ಲ. ಇವರಿಗೇ ನೊಬೆಲ್ ಶಾಂತಿ ಪ್ರಶಸ್ತಿ ಕೊಡಿ ಅಂತ ಪಾಕಿಸ್ತಾನ ಹೆಸರು ಸೂಚಿಸಿದ್ದು ಗೊತ್ತುಂಟಲ್ಲ, ಆ ಸುದ್ದಿ ಪೇಪರಲ್ಲಿ ಸರಿಯಾಗಿ ಓದಿ ಮುಗಿಯುವ ಮೊದಲೇ, 2025ರ ಜೂನ್ 22ಕ್ಕೆ, ಅಮೇರಿಕಾದ ಬಿ-2 ಬಾಂಬರ್ ವಿಮಾನಗಳು ಇರಾನಿನ ಫೋರ್ಡೋ, ನತಾಂಜ್ ಅಣು ಕೇಂದ್ರಗಳ ಮೇಲೆ ಒಂದೊಂದು ಹದಿಮೂರುವರೆ ಟನ್ ತೂಗುವ 14 ಬಾಂಬು ಹಾಕಿ ಬಂದವು. ಹಾರ ತಂದ ಪಾಕಿಸ್ತಾನವೇ ಖಂಡನೆಯ ಹೇಳಿಕೆಯನ್ನೂ ಬರೆಯಬೇಕಾಯ್ತು ಪಾಪ. ಸೆಪ್ಟೆಂಬರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ರಕ್ಷಣಾ ಇಲಾಖೆಯನ್ನು ಇನ್ನು ಯುದ್ಧ ಇಲಾಖೆ ಅಂತ ಕರೆಯಿರಿ ಅಂತ ಆರ್ಡರು, 1947ರವರೆಗೆ ಇದ್ದ ಹಳೇ ಹೆಸರೇ. ಅದೊಂದು ಪ್ರಾಮಾಣಿಕತೆ. ಅಂಗಡಿಯಲ್ಲಿ ಎಂತ ಮಾರುತ್ತಾರೋ ಅದನ್ನೇ ಬೋರ್ಡಲ್ಲಿ ಬರೆದರು.

ಭಾವನಿಗೆ ಇದು ಮೊದಲ ಮೋಸವಂತೆ. ಅವರಿಗೆ ಮೊದಲಿರಬಹುದು, ಅವರ ದೇಶಕ್ಕೆ ಇದು ಹಳೇ ಯಕ್ಷಗಾನ, ವೇಷ ಮಾತ್ರ ಬೇರೆ. 1916ರಲ್ಲಿ ಅಧ್ಯಕ್ಷ ವಿಲ್ಸನ್ ನಮ್ಮನ್ನು ಯುದ್ಧದಿಂದ ದೂರ ಇಟ್ಟವ ಅಂತ ಹೇಳಿಸಿಕೊಂಡು ಗೆದ್ದ, 1917ರ ಏಪ್ರಿಲಿನಲ್ಲಿ ಯುದ್ಧಕ್ಕೆ ಇಳಿದ. 1964ರಲ್ಲಿ ಅಧ್ಯಕ್ಷ ಜಾನ್ಸನ್ ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಕಳಿಸುವುದಿಲ್ಲ ಅಂದ, ಮುಂದಿನ ಮಾರ್ಚಿನಲ್ಲಿ ಸೈನಿಕರು ವಿಯೆಟ್ನಾಂನಲ್ಲಿ ಇಳಿದಾಗಿತ್ತು. ಇನ್ನೊಂದು ತಮಾಷೆ ಕೇಳಿ, ಯುದ್ಧ ಘೋಷಿಸುವ ಅಧಿಕಾರ ಅಲ್ಲಿ ಪಾರ್ಲಿಮೆಂಟಿಗೆ, ಅಂದರೆ ಕಾಂಗ್ರೆಸ್ಸಿಗೆ (ನಮ್ಮ ಕಾಂಗ್ರೆಸ್ಸಲ್ಲ, ಅದಕ್ಕೆ ವಾರ್ಡ್ ಕಮಿಟಿ ಘೋಷಿಸಲಿಕ್ಕೇ ಕಷ್ಟ), ಅವರು ಕಡೇ ಸಲ ಕ್ರಮಪ್ರಕಾರ ಘೋಷಿಸಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್, ಒಂದೂ ಘೋಷಣೆಯಾದ ಯುದ್ಧವಲ್ಲ. ನಾನು ಹಟ್ಟಿಗೆ ಒಂದು ಶೀಟು ಹಾಕಬೇಕಾದರೆ ಪಂಚಾಯತಿಗೆ ಮೂರು ಸಲ, ವಿಲ್ಲೇಜ್ ಆಫೀಸಿಗೆ ಎರಡು ಸಲ, ನಮ್ಮ ಊರು ಕೇರಳಕ್ಕೆ ಸೇರಿದ್ದಲ್ಲವಾ, ಅದೂ ಅರ್ಜಿ ಮಲಯಾಳದಲ್ಲಿ, ಓದಲಿಕ್ಕೆ ಬಾರದ ಕಾಗದಕ್ಕೆ ಸೈನು. ಬಾಂಬಿಗೆ ಇದೆಂತದೂ ಬೇಡ.

ಓಟಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಾವು ಮಂಜೇಶ್ವರದವರು. 2016ರ ವಿಧಾನಸಭೆ ಎಲೆಕ್ಷನಿನಲ್ಲಿ ಮುಸ್ಲಿಂ ಲೀಗಿನ ಅಬ್ದುಲ್ ರಜಾಕ್ ಗೆದ್ದದ್ದು 89 ಓಟಿಗೆ. ಎಂಬತ್ತೊಂಬತ್ತು! ಒಂದು ಮದುವೆಯ ಎರಡನೇ ಪಂಕ್ತಿಯಲ್ಲಿ ಅದಕ್ಕಿಂತ ಜಾಸ್ತಿ ಜನ ಕೂತಿರುತ್ತಾರೆ. ಸೋತ ಬಿಜೆಪಿಯ ಸುರೇಂದ್ರನ್ ಕೋರ್ಟಿಗೆ ಹೋದರು, ಸತ್ತವರ ಹೆಸರಲ್ಲಿ ಓಟು ಬಿದ್ದಿದೆ, ಗಲ್ಫಲ್ಲಿದ್ದವರ ಹೆಸರಲ್ಲೂ ಬಿದ್ದಿದೆ ಅಂತ. ಆಮೇಲೆ ಸತ್ತವರು ಅಂತ ಬರೆಸಿದ ಪಟ್ಟಿಯವರಲ್ಲಿ ಸಮನ್ಸು ಕೈಯಲ್ಲಿ ಹಿಡ್ಕೊಂಡು, ನಾನು ಬದುಕಿದ್ದೇನೆ ಮಾರಾಯ್ರೆ ಅನ್ನುವವರೂ ಸಿಕ್ಕಿದರು. ಅದು ಇಲ್ಲಿಯ ಕಥೆ ಆಯ್ತು, ಬಿಡಿ. ನನ್ನ ತಲೆಯಲ್ಲಿ ಉಳಿದದ್ದು ಗಲ್ಫಿನವರ ವಿಷಯ. ಎಲೆಕ್ಷನ್ ಬಂದರೆ ಅವರು ಟಿಕೆಟು ತೆಗೆದು ಬಂದು ಕ್ಯೂ ನಿಂತು ಶಾಯಿ ಹಾಕಿಸಿಕೊಂಡು ಹೋಗುತ್ತಾರೆ. ಅವರ ತಲೆ ಮೇಲೆ ಕ್ಷಿಪಣಿ ಹಾರುವುದು ಮಾತ್ರ ನಮ್ಮ ಭಾವನ ಓಟಿನ ಮೇಲೆ.

ಇರಾನಿಗೆ ಬಾಂಬು ಬಿದ್ದ ಮರುದಿನ, ಜೂನ್ 23ರ ರಾತ್ರಿ. ಮಳೆ ಹೊಯ್ಯುತ್ತಾ ಇತ್ತು, ಅಡಿಕೆಗೆ ಮದ್ದು ಬಿಡಲಿಕ್ಕೆ ಎರಡು ದಿನ ಬಿಸಿಲು ಸಿಕ್ಕದೆ ನನ್ನ ತಲೆಬಿಸಿ ನನಗೆ, ಕರೆಂಟೂ ಇರಲಿಲ್ಲ. ಹತ್ತು ಗಂಟೆ ದಾಟಿ ಜಗಲಿಯಲ್ಲಿ ಟಾರ್ಚಿನ ಬೆಳಕು. ತೋಟದ ಆಚೆ ಬದಿಯ ಮನೆಯ ಉಮ್ಮ, ತಲೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಮಡಚಿ ಹಾಕಿಕೊಂಡು. ಅವರ ಸಣ್ಣ ಮಗ ಕತಾರಿನ ದೋಹಾದಲ್ಲಿ ಡ್ರೈವರು. ಇರಾನ್ ಅಲ್ಲಿಯ ಅಮೇರಿಕಾದ ಸೇನಾ ನೆಲೆಗೆ ಕ್ಷಿಪಣಿ ಬಿಟ್ಟಿದೆ, ವಿಮಾನಗಳೆಲ್ಲ ನಿಂತಿವೆ, ಹುಡುಗ ಫೋನು ತೆಗೆಯುವುದಿಲ್ಲ. "ಭಟ್ರೆ, ನಿಮ್ಮ ಭಾವ ಅಮೇರಿಕಾದಲ್ಲಿ ಉಂಟಲ್ಲ, ಅವರತ್ರ ಒಮ್ಮೆ ಕೇಳ್ತೀರಾ, ಇನ್ನೂ ಬಿಡ್ತಾರಾ ಅಂತ?"

ಕೇಳಿದೆ. ಭಾವನಿಗೆ ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. "ಅಪ್ಪಾ? ಆನು ನೋಡಿದ್ದಿಲ್ಲೆ" ಅಂದರು, ಹೌದಾ, ನಾನು ನೋಡಿಲ್ಲ ಅಂತ.

ಇಲ್ಲಿಗೆ ನನ್ನ ತಮಾಷೆ ಮುಗಿಯಿತು, ಈಗ ಬರೆಯುವಾಗಲೂ ಬರುವುದು ಸಿಟ್ಟು ಮಾತ್ರ. ಆ ಉಮ್ಮನ ಗಂಡ 1990ರಲ್ಲಿ ಇರಾಕಿನ ಸದ್ದಾಮ್ ಕುವೈಟಿಗೆ ನುಗ್ಗಿದಾಗ ಅಲ್ಲಿಂದ ಜೋರ್ಡಾನಿಗೆ ಹೋಗಿ, ಅಮ್ಮಾನಿನಲ್ಲಿ ದಿನಗಟ್ಟಲೆ ಕಾದು, ಏರ್ ಇಂಡಿಯಾದವರು ಲಕ್ಷಕ್ಕಿಂತ ಮೇಲೆ ಜನರನ್ನು ತಂದರಲ್ಲ, ಆ ಲೆಕ್ಕದಲ್ಲಿ ಬಂದವರು. ಉಟ್ಟ ಬಟ್ಟೆಯಲ್ಲಿ ಬಂದರು, ಹತ್ತು ವರ್ಷದ ದುಡಿಮೆ ಅಲ್ಲೇ ಹೋಯ್ತು. ಅವರು ಯಾರಿಗೆ ಓಟು ಹಾಕಿದ್ದರು, ಸದ್ದಾಮನಿಗಾ? ಈಗ ಮಗನ ಸರದಿ. ಯಾರೂ ಹೇಳದ ಕೇಳದ ಜನ, ಬೇಜಾರು ಮಾಡಿಕೊಳ್ಳಲಿಕ್ಕೆ ಅವರಿಗೆ ಒಬ್ಬ ಕ್ಯಾಂಡಿಡೇಟಾದರೂ ಉಂಟಾ? ಹನ್ನೆರಡೂವರೆಗೆ ಹುಡುಗನ ವಾಯ್ಸ್ ಮೆಸೇಜು ಬಂತು, ಫೋನು ಚಾರ್ಜಿಗೆ ಇಟ್ಟು ಎಲ್ಲರೂ ಟೆರೇಸಿಗೆ ಹೋಗಿ ಬೆಳಕು ನೋಡುತ್ತಿದ್ದರಂತೆ. ಉಮ್ಮ ಬೈದದ್ದು ನನ್ನ ಜಗಲಿಯಿಂದ ದೋಹಾಕ್ಕೆ ಫೋನಿಲ್ಲದೆಯೂ ಕೇಳಿಸಿರಬೇಕು.

ಭಾವ ಈಗ ಇನ್ನೊಬ್ಬನನ್ನು ನೋಡಿ ಇಟ್ಟಿದ್ದಾರಂತೆ, ಹೆಸರು ಹೇಳಿದರು, ನನಗೆ ನೆನಪಿಲ್ಲ. ಯುದ್ಧದ ವಿಷಯದಲ್ಲಿ ಜನ ಎಂಥವ ಅಂತ ಕೇಳಿದೆ. "ಅವ ಯುದ್ಧ ಬೇಡ ಹೇಳಿಯೇ ಹೇಳುದು ಭಾವಾ" ಅಂದರು, ಭಾರೀ ಭರವಸೆಯಲ್ಲಿ.

ಮೊನ್ನೆ ಉಮ್ಮ ಬೇಲಿಯ ಹತ್ತಿರ ಸಿಕ್ಕಿದಾಗ ಭಾವನನ್ನು ವಿಚಾರಿಸಿದರು, ಆ ರಾತ್ರಿ ಫೋನು ತೆಗೆದರಲ್ಲ ಅಂತ ಅವರಿಗೆ ಇನ್ನೂ ಉಪಕಾರದ ನೆನಪು ಉಂಟು. ಭಾವನಿಗೆ ತುಂಬಾ ಬೇಜಾರಾಗಿದೆ, ನಂಬಿದವನು ಕೈಕೊಟ್ಟ, ಮೋಸ ಹೋದರಂತೆ ಅಂದೆ.

"ಅಯ್ಯೋ ಪಾಪ," ಅಂದರು ಉಮ್ಮ, "ಎಷ್ಟು ಹೋಯ್ತಂತೆ ಭಟ್ರೆ?"