ಚರ್ಮ ಪ್ಲಾಸ್ಟಿಕ್‌ನಂತೆ ಕಾಣಲು ದೀಪಗಳ ಕೊರತೆ ಕಾರಣವಲ್ಲ: ಸ್ಪಷ್ಟನೆ

ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ರೂಪಿಸಿದ ಮನುಷ್ಯಾಕೃತಿಯ ಚರ್ಮ ಪ್ಲಾಸ್ಟಿಕ್‌ನಂತೆ ಕಂಡರೆ ಇನ್ನೆರಡು ದೀಪ ಸೇರಿಸಿದರೆ ಸಾಕು ಎಂಬ ಸಲಹೆಯು ಮಂಗಳೂರು, ಉಡುಪಿಯಲ್ಲಿ ತ್ರೀಡಿ ಕಲಿಯುತ್ತಿರುವವರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ. ಎಲ್ಲ ದಿಕ್ಕಿನಿಂದ ದೀಪ ಹೆಚ್ಚಿಸಿದಷ್ಟೂ ಕಣ್ಣುಗುಳಿಯ ಮತ್ತು ಮೂಗಿನ ಬದಿಯ ನೆರಳು ಅಳಿಸಿಹೋಗಿ ಮುಖ ಮತ್ತಷ್ಟು ಚಪ್ಪಟೆಯಾಗುತ್ತದೆ.

ನಿಜವಾದ ಚರ್ಮದಲ್ಲಿ ಬೆಳಕಿನ ಬಹುಪಾಲು ಒಳಹೊಕ್ಕು, ಚದುರಿ, ಬೇರೊಂದು ಬಿಂದುವಿನಿಂದ ಹೊರಬರುತ್ತದೆ. ಅದರಲ್ಲಿಯೂ ಕೆಂಪು ಬೆಳಕು ಹೆಚ್ಚು ದೂರ ಸಾಗುವುದರಿಂದಲೇ ಮಲ್ಪೆಯ ಕಡಲತೀರದಲ್ಲಿ ಸಂಜೆ ಸೂರ್ಯನಿಗೆ ಬೆನ್ನುಹಾಕಿ ನಿಂತವರ ಕಿವಿಯ ಅಂಚು ಕೆಂಪಗೆ ಹೊಳೆಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಈ ಗುಣವನ್ನು ಕೊಡುವುದು ಸಬ್‌ಸರ್ಫೇಸ್ ಸ್ಕ್ಯಾಟರಿಂಗ್. ಆದರೆ ಬೆಳಕು ಒಳಗೆ ಚದುರುವ ದೂರವನ್ನು ಅದು ನಿಜವಾದ ಉದ್ದದಲ್ಲೇ ಲೆಕ್ಕ ಹಾಕುವುದರಿಂದ, 1.7 ಮೀಟರ್ ಇರಬೇಕಾದ ಆಕೃತಿ ಅಳತೆ ತಪ್ಪಿ 17 ಮೀಟರ್ ಆಗಿದ್ದರೆ, ಚರ್ಮಕ್ಕೆ ಸರಿಯಾದ ಮೌಲ್ಯವನ್ನೇ ಕೊಟ್ಟರೂ ಅದರ ಪರಿಣಾಮ ಬಹುತೇಕ ಕಾಣುವುದೇ ಇಲ್ಲ. ಮೊದಲು ನೋಡಬೇಕಾದದ್ದು ಈ ಅಳತೆಯನ್ನು.

ಇನ್ನು ದೀಪದ ವಿಷಯ. ನೆರಳಿನ ಅಂಚು ಮೃದುವಾಗುವುದು ಮುಖ್ಯವಾಗಿ ಮುಖದ ಕಡೆಯಿಂದ ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ. ಮಳೆಗಾಲದ ಆಟಿ ತಿಂಗಳ ಮೋಡದ ದಿನ ಇಡೀ ಆಕಾಶವೇ ದೀಪವಾಗಿರುವುದರಿಂದ (ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ) ನೆರಳಿಗೆ ಅಂಚೇ ಇರದು. ಬೇಸಿಗೆಯ ಸೂರ್ಯನಾದರೋ ಸುಮಾರು 0.5 ಡಿಗ್ರಿಯಷ್ಟೇ ಅಗಲ. ಆದ್ದರಿಂದ ಏರಿಯಾ ಲೈಟ್ (ಅಗಲವಾದ ಮೇಲ್ಮೈಯಿಂದ ಬೆಳಕು ಚೆಲ್ಲುವ ದೀಪ) ಒಂದನ್ನೇ ದೊಡ್ಡದಾಗಿಸಿ ಹತ್ತಿರ ತಂದು, ದೂರ ಅರ್ಧವಾದಾಗ ಬೆಳಕು ಸರಿಸುಮಾರು ನಾಲ್ಕು ಪಟ್ಟಾಗುವುದನ್ನು ಗಮನದಲ್ಲಿಟ್ಟು ವ್ಯಾಟ್ ಇಳಿಸಬೇಕು.