ಯಾವ ಕ್ಯೂ ಅಣ್ಣಾ?

ಶನಿವಾರ ರಾತ್ರಿಯಿಂದ ತಲೆ ಕುದಿಯುತ್ತಿದೆ. ಬರೆದು ಹಾಕಿಬಿಡೋಣ ಅಂತ ಕೂತಿದ್ದೇನೆ. ಓದಿ ಅರ್ಧ ಜನ ಅನ್‌ಫ್ರೆಂಡ್ ಮಾಡುತ್ತೀರಿ ಅಂತ ಗೊತ್ತು. ಮಾಡಿ. ಹುಟ್ಟುಹಬ್ಬದ ದಿನ ನಾಲ್ಕು ಕೇಕ್ ಇಮೋಜಿ ಕಡಿಮೆ ಬರುತ್ತೆ, ಅಷ್ಟೇ ತಾನೆ.

ಇಲ್ಲಿ ಅಮೆರಿಕದಲ್ಲಿ ನಮ್ಮ ಡಲ್ಲಾಸ್ ಗುಂಪಿನ ಪಾಟ್‌ಲಕ್ ಇತ್ತು, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣೋ ಊಟ. ಯಾರ ಮನೆ ಅಂತ ಹೇಳಲ್ಲ. ಯಜಮಾನರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯೋದು. ನಿಜಕ್ಕೂ ಒಳ್ಳೆಯ ಮನುಷ್ಯ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಹೈವೇ ಮೇಲೆ ಕಾರು ಓಡಿಸಲು ಧೈರ್ಯ ಕೊಟ್ಟವರು ಅವರೇ. ಎಲ್ಲರೂ ಪೇಪರ್ ಪ್ಲೇಟ್ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆವು. ಮಾತು ಐಸ್‌ನವರ (ಕಾಗದವಿಲ್ಲದ ವಲಸಿಗರನ್ನು ಹಿಡಿದು ಹೊರಗೆ ಹಾಕುವ ಇಲ್ಲಿನ ಸರ್ಕಾರಿ ಇಲಾಖೆ) ರೇಡ್ ಕಡೆ ತಿರುಗಿತು. ಈಗ ಅದು ಬಿಟ್ಟು ಬೇರೆ ಮಾತೇ ಇಲ್ವಲ್ಲ.

"ಒಬ್ಬೊಬ್ಬರನ್ನೂ ಹಿಡಿದು ಹೊರಗೆ ಹಾಕ್ಬೇಕು ಕಣ್ರೀ. ನಾವೆಲ್ಲ ಕ್ಯೂನಲ್ಲಿ ನಿಂತು ಬರ್ಲಿಲ್ವಾ? ಇವ್ರು ಮಧ್ಯದಲ್ಲಿ ನುಗ್ಗಿದ್ರೆ ಹೇಗೆ?" ಅಂದರು ಅಣ್ಣ. ಎಲ್ಲರ ತಲೆಯೂ ಆಡಿತು.

ಐದು ನಿಮಿಷ ಆಗಿರಲಿಲ್ಲ, ಅದೇ ಅಣ್ಣ ಛಾವಣಿ ಪುರಾಣ ಶುರು ಮಾಡಿದರು. ಆಲಿಕಲ್ಲು ಬಿದ್ದು ರೂಫ್ ಹಾಳಾಗಿದೆ, ಇನ್ಶೂರೆನ್ಸ್ ದುಡ್ಡೂ ಬಂದಿದೆ, ಹಾಕೋಕೆ ಜನ ಸಿಗ್ತಿಲ್ಲ. "ಕಾಂಟ್ರ್ಯಾಕ್ಟರ್‌ನ ಕೇಳಿದ್ರೆ ಕ್ರೂ ಬರ್ತಿಲ್ಲ ಅಂತಾನೆ. ಎಲ್ಲಿಗೆ ಹೋದ್ರೋ ಎಲ್ಲಾ."

ಎಲ್ಲಿಗೆ ಹೋದರೋ! ನಾನು ಮೊಸರನ್ನದಲ್ಲಿ ದಾಳಿಂಬೆ ಕಾಳು ಹುಡುಕುವವನ ಹಾಗೆ ತಲೆ ತಗ್ಗಿಸಿದೆ. ನನ್ನ ಹೆಂಡತಿ ಆ ಕಡೆಯಿಂದ ಒಂದು ನೋಟ ಬಿಟ್ಟಳು. ಬಾಯಿ ಬಿಟ್ಟರೆ ಮನೆಗೆ ಹೋದ ಮೇಲೆ ಇದೆ ಅನ್ನೋ ನೋಟ.

ರೂಫ್ ತಮಾಷೆ ಹಾಗಿರಲಿ. ನನ್ನ ಮೈ ಉರಿದಿದ್ದು 'ಕ್ಯೂ' ಅನ್ನೋ ಪದಕ್ಕೆ. ಕ್ಯೂ ಬಗ್ಗೆ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ನನಗಿದೆ. ಇಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡಿಗೆ ಹಾಕಿದ ನನ್ನ ಅರ್ಜಿಯ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನನ್ನ ಜಾಗ ಹೇಳುವ ತಾರೀಕು, 2016ರದ್ದು. ಇನ್ನೂ ಬಂದಿಲ್ಲ. ಯಾವ ತಾರೀಕಿನವರ ಸರದಿ ಬಂತು ಅಂತ ಹೇಳುವ ವೀಸಾ ಬುಲೆಟಿನ್ ತಿಂಗಳಿಗೊಮ್ಮೆ ಬರುತ್ತೆ, ಭಾರತದವರ ಕಾಲಂ ಕೆಲವು ವಾರ ಮುಂದೆ ಹೋಗುತ್ತೆ, ಕೆಲವೊಮ್ಮೆ ನಿಂತಲ್ಲೇ ನಿಲ್ಲುತ್ತೆ, ಇನ್ನು ಕೆಲವೊಮ್ಮೆ ವರ್ಷಗಟ್ಟಲೆ ಹಿಂದಕ್ಕೇ ಓಡುತ್ತೆ. ನಿಂತ ಕ್ಯೂ ಹಿಂದಕ್ಕೆ ಚಲಿಸೋದನ್ನು ಬೇರೆ ಎಲ್ಲಾದರೂ ನೋಡಿದ್ದೀರಾ? ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಅದರ ಲೆಕ್ಕದಲ್ಲೇ. ಒಂದು ದೇಶಕ್ಕೆ ಶೇಕಡಾ 7 ಮೀರಬಾರದು ಅಂತ ಮಿತಿ. ಐಸ್‌ಲ್ಯಾಂಡಿಗೂ ಅದೇ 7, ಭಾರತಕ್ಕೂ ಅದೇ 7.

ಅಣ್ಣ ಬಂದಿದ್ದು 1998ರಲ್ಲಿ. ಮೂರ್ನಾಲ್ಕು ವರ್ಷದಲ್ಲಿ ಕಾರ್ಡ್ ಕೈಗೆ ಬಂತು ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ಅದು ಕ್ಯೂ ಅಲ್ಲಣ್ಣ, ತಿಂಡಿ ಹೋಟೆಲಿನ ಟೋಕನ್. ನಿಮ್ಮ ಮೇಲೆ ಹೊಟ್ಟೆಕಿಚ್ಚು ಅಂದುಕೊಂಡರೂ ಪರವಾಗಿಲ್ಲ. ಇದೆ.

ಆದರೂ ನನಗೆ ಒಂದು ಕ್ಯೂ ಅಂತ ಇದೆ. ಒಂದು ಡಿಗ್ರಿ ಇದೆ, ಅದನ್ನು ನಂಬುವ ಕಂಪನಿ ಇದೆ, ಕಂಪನಿಗೊಬ್ಬ ವಕೀಲ ಇದ್ದಾನೆ. ರೂಫ್ ಮೇಲೆ ಬಿಸಿಲಲ್ಲಿ ಕೂತು ಮೊಳೆ ಹೊಡೆಯುವವನಿಗೆ ಯಾವ ಕ್ಯೂ ಇದೆ? ಹೇಳಿ. ಎಚ್‌1ಬಿ ವೀಸಾ ಡಿಗ್ರಿ ಬೇಕಾದ ಕೆಲಸಕ್ಕೆ, ಅವನಿಗಲ್ಲ. ಎಚ್‌2ಎ ಹೊಲದ ಕೆಲಸಕ್ಕೆ ಮಾತ್ರ. ಎಚ್‌2ಬಿ ಅಂತ ಒಂದಿದೆ, ಕಾನೂನಿನಲ್ಲಿ ಬರೆದಿರೋದು ವರ್ಷಕ್ಕೆ 66,000. ಅದೂ ಸೀಸನ್ ಕೆಲಸಕ್ಕೆ, ಮುಗಿದ ಮೇಲೆ ಗಂಟುಮೂಟೆ ಕಟ್ಟಬೇಕು. ವರ್ಷಪೂರ್ತಿ ಇರುವ ಕೂಲಿ ಕೆಲಸಕ್ಕೆ ಗ್ರೀನ್ ಕಾರ್ಡ್ ಬೇಕೆಂದರೆ, ಹೆಚ್ಚು ಓದು, ತರಬೇತಿ ಬೇಡದ ಕೆಲಸದವರಿಗೆ ಅಂತ ಕಾನೂನು ಇಟ್ಟಿರುವ ಮಿತಿ ವರ್ಷಕ್ಕೆ 10,000. ಇಡೀ ಜಗತ್ತಿಗೆ ಸೇರಿ. ಅದಕ್ಕೂ ಒಬ್ಬ ಮಾಲೀಕ ಮುಂದೆ ಬಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಆಲಿಕಲ್ಲು ಬಿದ್ದ ಮನೆ ಅಲ್ಲಿಯವರೆಗೆ ಸೋರುತ್ತಿರಬೇಕು.

ನೆಂಟರು ಇದ್ದರೆ ಬರಬಹುದಲ್ಲ ಅನ್ನುತ್ತೀರಾ? ಅಮೆರಿಕದ ಪ್ರಜೆ ತನ್ನ ಒಡಹುಟ್ಟಿದವರಿಗೆ ಅರ್ಜಿ ಹಾಕಬಹುದು. ಮೆಕ್ಸಿಕೋದವರಿಗೆ ಆ ಸಾಲು ಇಪ್ಪತ್ತು ವರ್ಷ ದಾಟಿದೆ. ಇಲ್ಲಿರುವ ಒಬ್ಬ ಅಣ್ಣ ತನ್ನ ಇಪ್ಪತ್ತೈದನೇ ವಯಸ್ಸಿನಲ್ಲಿ ಅರ್ಜಿ ಹಾಕಿದರೆ ತಮ್ಮನಿಗೆ ಮೊಮ್ಮಕ್ಕಳಾಗುವ ಹೊತ್ತಿಗೆ ವೀಸಾ ಬರುತ್ತೆ.

ಕ್ಯೂನೇ ಇಲ್ಲದವನಿಗೆ ಕ್ಯೂ ಮುರಿದೆ ಅಂತ ಬೈಯೋದು ಹೇಗೆ? ಇಷ್ಟೇ ನನ್ನ ತಕರಾರು. ಕಾನೂನು ಮುರಿದ ಅನ್ನಿ, ಒಪ್ಪುತ್ತೇನೆ. ಕ್ಯೂ ಮುರಿದ ಅನ್ನಬೇಡಿ.

ಮೊದಲು ಕ್ಯೂ ಇತ್ತು, ಅದು ಬೇರೆ ಕಥೆ. 1942ರಿಂದ 1964ರವರೆಗೆ ಬ್ರಸೆರೋ ಅಂತ ಒಂದು ಯೋಜನೆ. ಯುದ್ಧ ಶುರುವಾಗಿ ಹೊಲಕ್ಕೆ ಆಳುಗಳಿಲ್ಲ ಅಂತ ಅಮೆರಿಕವೇ ಮೆಕ್ಸಿಕೋದಿಂದ ಜನರನ್ನು ಕರೆಸಿಕೊಂಡಿತು. ನಲವತ್ತು ಲಕ್ಷಕ್ಕೂ ಹೆಚ್ಚು ಕಾಂಟ್ರ್ಯಾಕ್ಟ್ ಆದವು. ಅದರಲ್ಲಿ ಮೋಸ ಇತ್ತು, ಶೋಷಣೆ ಇತ್ತು, ಬಂದವರ ಮೈಮೇಲೆ ಡಿಡಿಟಿ ಪುಡಿ ಹೊಡೆದು ಒಳಗೆ ಬಿಡುತ್ತಿದ್ದರು. ಆದರೂ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು. 1964ರಲ್ಲಿ ನಿಲ್ಲಿಸಿದರು. ಹೊಲ ಅಲ್ಲೇ ಇತ್ತು, ಟೊಮೇಟೊ ಅಲ್ಲೇ ಇತ್ತು, ಕೀಳುವವನೂ ಅವನೇ. ಕಾಗದ ಮಾತ್ರ ಹೋಯಿತು. ಹಿಂದಿನ ವರ್ಷ 'ಕೆಲಸಗಾರ' ಆಗಿದ್ದವನು ಮುಂದಿನ ವರ್ಷ 'ನುಸುಳುಕೋರ' ಆದ.

ಇಲ್ಲಿ ಒಬ್ಬರು ಕಾಮೆಂಟ್ ಹಾಕೇ ಹಾಕುತ್ತೀರಿ. ಯಾರು ಅಂತಲೂ ಗೊತ್ತು. "ಹಾಗಾದ್ರೆ ಗಡಿನೇ ಬೇಡ್ವಾ? ನಿಮ್ಮನೆ ಬಾಗಿಲು ತೆಗೆದು ಮಲಗ್ತೀರಾ?" ಈ ಬಾಗಿಲಿನ ಉದಾಹರಣೆ ಕೇಳಿ ಕೇಳಿ ಸಾಕಾಗಿದೆ. ಗಡಿ ಬೇಕು ಮಹರಾಯ. ಯಾರು ಬಂದರು, ಯಾರು ಹೋದರು ಅನ್ನೋ ಲೆಕ್ಕ ದೇಶಕ್ಕೆ ಬೇಕು. ಕೊಲೆ, ಡ್ರಗ್ಸ್ ಮಾಡಿದವನನ್ನು ಕಳಿಸಿದರೆ ನಾನೇನೂ ಅಳಲ್ಲ. ಆದರೆ ಬಾಗಿಲು ಅಂದಿರಲ್ಲ, ನನ್ನ ಮನೆಯ ಬಾಗಿಲಿಗೆ ಬೋಲ್ಟ್ ಹಾಕಿ, ಹಿಂದಿನ ಕಿಟಕಿಯಿಂದ ಕೆಲಸದವನನ್ನು ಕರೆದು, ಪಾತ್ರೆ ತೊಳೆಸಿಕೊಂಡು, ಆಮೇಲೆ ಕಿಟಕಿ ಹತ್ತಿದ ಅಂತ ಪೊಲೀಸರನ್ನು ನಾನು ಕರೆಯಲ್ಲ.

ಇನ್ನು ಬಿಗಿ ಮಾಡಿದರೆ ನಿಲ್ಲುತ್ತೆ ಅನ್ನೋದು. 1994ರಲ್ಲಿ ಸ್ಯಾನ್ ಡಿಯಾಗೋ ಕಡೆ ಆಪರೇಶನ್ ಗೇಟ್‌ಕೀಪರ್ ಅಂತ ಬೇಲಿ, ಫ್ಲಡ್‌ಲೈಟ್, ಕಾವಲು ಎಲ್ಲ ಹಾಕಿದರು. ಜನ ಅರಿಜೋನಾದ ಮರುಭೂಮಿಯ ಕಡೆಗೆ ತಿರುಗಿದರು. ಅಲ್ಲಿ ನೀರಿಲ್ಲದೆ ಸತ್ತರು. ದಾಟಿದವರು, ಮತ್ತೆ ದಾಟೋದು ಕಷ್ಟ ಅಂತ, ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗೋದನ್ನೇ ಬಿಟ್ಟು ಇಲ್ಲೇ ಉಳಿದರು. 1996ರಲ್ಲಿ ಇನ್ನೊಂದು ಕಾನೂನು. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಇದ್ದು ಹೊರಗೆ ಹೋದರೆ 3 ವರ್ಷ ವಾಪಸ್ ಬರುವಂತಿಲ್ಲ, ಒಂದು ವರ್ಷ ದಾಟಿದ್ದರೆ 10 ವರ್ಷ. ಇಲ್ಲಿನವಳನ್ನೇ ಮದುವೆಯಾಗಿ ಸರಿಮಾಡಿಕೊಳ್ಳೋಣ ಅಂದವನೂ ಹೊರಗೆ ಕಾಲಿಡಲು ಹೆದರುವ ಹಾಗಾಯಿತು. ಹೊರಗೆ ಹೋಗಲಿ ಅಂತ ಮಾಡಿದ ಕಾನೂನು ಒಳಗೇ ಕೂಡಿ ಹಾಕಿತು. ಬುದ್ಧಿವಂತಿಕೆ ನೋಡಿ.

ಈಗ ಒಂದು ವಿಷಯ ಹೇಳುತ್ತೇನೆ. ಇದುವರೆಗೆ ನನ್ನ ಹೆಂಡತಿ ಮತ್ತು ಒಬ್ಬ ವಕೀಲನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಅಮ್ಮ, ನೀನು ಇದನ್ನು ಓದಿದರೆ ಗಾಬರಿ ಆಗಬೇಡ. ಮುಗಿದ ಕಥೆ.

ನಾನು 47 ದಿನ ಅಕ್ರಮ ವಲಸಿಗನಾಗಿದ್ದೆ.

ಎಚ್‌1ಬಿಯಲ್ಲಿ ಇರುವವರಿಗೆ ಐ-94 ಅಂದರೆ ಏನು ಅಂತ ಗೊತ್ತು. ಏರ್‌ಪೋರ್ಟಿನಲ್ಲಿ ಒಳಗೆ ಬಿಡುವಾಗ ಎಲ್ಲಿಯವರೆಗೆ ಇರಬಹುದು ಅಂತ ದಾಖಲಾಗುವ ತಾರೀಕು. ಊರಿಂದ ವಾಪಸ್ ಬಂದಾಗ ನನ್ನ ಪಾಸ್‌ಪೋರ್ಟ್ ಬೇಗ ಮುಗಿಯುವುದಿತ್ತು. ಅಧಿಕಾರಿ ವೀಸಾ ಪೇಪರಿನ ತಾರೀಕು ಕೊಡಲಿಲ್ಲ, ಪಾಸ್‌ಪೋರ್ಟ್ ಮುಗಿಯುವ ತಾರೀಕು ಕೊಟ್ಟ. ತಪ್ಪು ಅವನದಲ್ಲ, ಹಾಗೆ ಕೊಡಬಹುದು. ಮಗು ಅಳುತ್ತಿತ್ತು, ಸೂಟ್‌ಕೇಸ್ ಒಂದು ಬಂದಿರಲಿಲ್ಲ. ನಾನು ನೋಡಲಿಲ್ಲ. ಆಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿ ನಿಶ್ಚಿಂತೆಯಾಗಿದ್ದೆ. ಏನೋ ಫಾರಂ ತುಂಬಲು ಒಂದು ರಾತ್ರಿ ಐ-94 ಡೌನ್‌ಲೋಡ್ ಮಾಡಿದೆ. ತಾರೀಕು ನೋಡಿದೆ. ಬೆರಳು ಮಡಚಿ ಎಣಿಸಿದೆ. ನಲವತ್ತೇಳು.

ಆ ನಲವತ್ತೇಳು ದಿನವೂ ಆಫೀಸಿಗೆ ಹೋಗಿದ್ದೆ. ತೆರಿಗೆ ಕಟ್ಟಿದ್ದೆ. ಪಾಟ್‌ಲಕ್‌ಗೂ ಹೋಗಿ, ಥೂ, ಇದೇ ಕ್ಯೂ ಡೈಲಾಗ್ ನಾನೂ ಹೊಡೆದಿದ್ದೆ. ಹೌದು. ಆಗ ನಾನೂ ಹೇಳುತ್ತಿದ್ದೆ. ಅಣ್ಣನ ಮಾತಿಗೆ ಇಷ್ಟು ಉರಿಯೋದು ಅದಕ್ಕೇ ಇರಬೇಕು.

ವಕೀಲ ಒಂದು ಲ್ಯಾಟಿನ್ ಮಾತು ಹೇಳಿದ: ನುಂಕ್ ಪ್ರೋ ಟುಂಕ್. ಆಗ ಮಾಡಬೇಕಿದ್ದನ್ನು ಈಗ ಮಾಡುತ್ತಿದ್ದೇವೆ, ದಯವಿಟ್ಟು ಆಗಲೇ ಮಾಡಿದ ಹಾಗೆ ಲೆಕ್ಕ ಹಿಡಿಯಿರಿ ಅಂತ. ತಡವಾದ ಅರ್ಜಿ, ಜೊತೆಗೊಂದು ಕ್ಷಮಾಪಣೆ ಪತ್ರ, ಬೇಗ ಉತ್ತರ ಬರಲಿ ಅಂತ ಪ್ರೀಮಿಯಂ ಫೀಸ್. ಕೊಡಲೇಬೇಕು ಅಂತ ನಿಯಮ ಇಲ್ಲ, ಅಧಿಕಾರಿಯ ಮರ್ಜಿ. ಉತ್ತರ ಬರುವವರೆಗೆ ಕೆಲಸ ಬಂದ್, ಸಂಬಳ ಬಂದ್. ಸ್ನೇಹಿತರಿಗೆಲ್ಲ ರಜೆ ಹಾಕಿದ್ದೇನೆ ಅಂದೆ. ಹಾಲು ತರಲು ಹೋದಾಗ ಹಿಂದೆ ಪೊಲೀಸ್ ಕಾರು ಬಂದರೆ ಸ್ಟೀರಿಂಗ್ ಮೇಲಿನ ಕೈ ಬೆವರುತ್ತಿತ್ತು. ಅವರು ಸುಮ್ನೆ ತಮ್ಮ ಪಾಡಿಗೆ ಹೋಗುತ್ತಿದ್ದರು. ನಾನು ಮಾತ್ರ ಮನೆ ದಾಟಿ ಎರಡು ಬೀದಿ ಸುತ್ತಿ ಬರುತ್ತಿದ್ದೆ.

ಕ್ಷಮಿಸಿದರು. ಹದಿನಾರು ದಿನಕ್ಕೆ ಕಾಗದ ಬಂತು. ನನಗೆ ಲ್ಯಾಟಿನ್ ಬಲ್ಲ ವಕೀಲ ಇದ್ದ, ಅದಕ್ಕೆ 'ತಾಂತ್ರಿಕ ತೊಂದರೆ' ಆಯಿತು. ರೂಫ್ ಮೇಲಿದ್ದವನಿಗೆ ಅದೇ ಆದರೆ 'ಅಪರಾಧ'.

"ನಾವು ಅವರ ಥರ ಅಲ್ಲ" ಅನ್ನೋ ಈ ಹುಚ್ಚು ನಮಗೆ ಹೊಸದೇನಲ್ಲ ಬಿಡಿ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬ ಪಂಜಾಬಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವನು. ಆಗ ಬಿಳಿಯರಿಗೆ, ಆಫ್ರಿಕಾ ಮೂಲದವರಿಗೆ ಬಿಟ್ಟು ಹೊರಗಿಂದ ಬಂದ ಬೇರೆಯವರಿಗೆ ಪೌರತ್ವ ಇರಲಿಲ್ಲ. ಕೋರ್ಟಿನಲ್ಲಿ ಅವನ ವಾದ ಏನು ಗೊತ್ತಾ? ಈ ನಿಯಮವೇ ತಪ್ಪು ಅಂತ ಅಲ್ಲ. ನಾನು ಆರ್ಯ, ಮೇಲು ಜಾತಿಯವನು, ಹಾಗಾಗಿ ನಾನೂ ಬಿಳಿಯನೇ ಅಂತ. 1923ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೊರಗೆ ಹಾಕಿತು. ಅಷ್ಟಕ್ಕೇ ನಿಲ್ಲಲಿಲ್ಲ, ಅದುವರೆಗೆ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರಿಂದ ಅದನ್ನು ಕಿತ್ತುಕೊಂಡರು. 1946ರಲ್ಲಿ ಬಾಗಿಲು ಸ್ವಲ್ಪ ತೆರೆದಾಗ ಇಡೀ ಭಾರತಕ್ಕೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ. ನೂರು! ಅಣ್ಣನ ಮನೆಯ ಗಣೇಶನ ಹಬ್ಬಕ್ಕೇ ಅದಕ್ಕಿಂತ ಜಾಸ್ತಿ ಬರುತ್ತಾರೆ.

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ 2025ರ ಫೆಬ್ರವರಿಯಲ್ಲಿ ಏನೇನು ಬರೆದಿರಿ ಅಂತ ಮೇಲೆ ಸ್ಕ್ರಾಲ್ ಮಾಡಿ ನೋಡಿ. ಕಾಗದವಿಲ್ಲದ 104 ಭಾರತೀಯರನ್ನು, ಎಷ್ಟೋ ಜನರ ಕೈಕಾಲಿಗೆ ಕೋಳ ಹಾಕಿ, ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದ ದಿನ. "ಹಾಗೇ ಆಗ್ಬೇಕು", "ದೇಶದ ಮಾನ ಕಳೆದ್ರು", ಮೂರು ಚಪ್ಪಾಳೆ. ಅದೇ ಗ್ರೂಪು, ಅದೇ ವರ್ಷ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್‌1ಬಿಗೆ 1,00,000 ಡಾಲರ್ ಅಂತ ಘೋಷಣೆ ಬಂತು. ಹೊಸಬರಿಗೋ ಹಳಬರಿಗೋ ಅಂತ ಯಾರಿಗೂ ಸ್ಪಷ್ಟ ಇಲ್ಲ. ರಾತ್ರಿಯೆಲ್ಲ ಮೆಸೇಜ್. ಊರಲ್ಲಿದ್ದವರು ಸಿಕ್ಕ ಟಿಕೆಟ್ ಹಿಡಿದು ಓಡಿ ಬಂದರು. ಮಾರನೇ ದಿನ, ಈಗಾಗಲೇ ವೀಸಾ ಇರುವವರಿಗಲ್ಲ ಅಂತ ಸ್ಪಷ್ಟನೆ ಬಂತು. ಆ ಒಂದು ರಾತ್ರಿ ಗ್ರೂಪಿನಲ್ಲಿ ಯಾರೂ ಚಪ್ಪಾಳೆ ಹಾಕಲಿಲ್ಲ.

ವಲಸೆ ಬಂದವರು ಸಂಬಳ ಕಡಿಮೆ ಮಾಡಿಸುತ್ತಾರೆ, ಇಲ್ಲಿನವರ ಕೆಲಸ ಕಸಿಯುತ್ತಾರೆ ಅನ್ನೋ ವಾದವೂ ಶನಿವಾರ ಬಂತು. ಹೇಳಿದವರು ಐಟಿಯವರು. ನಾನು ಮತ್ತೆ ದಾಳಿಂಬೆ ಹುಡುಕಿದೆ.

ಎರಡು ವರ್ಷದ ಹಿಂದೆ ನಮ್ಮ ಮನೆಗೂ ರೂಫ್ ಹಾಕಿಸಿದ್ದೆ. ಬೆಳಗ್ಗೆ ಆರೂವರೆಗೆ ಆರು ಜನ ಬಂದರು, ಕತ್ತಲಾಗೋದರೊಳಗೆ ಮುಗಿಸಿದರು. ಹಳೆಯ ಶಿಂಗಲ್ ಕಿತ್ತು ಕೆಳಗೆ ಎಸೆಯುವಾಗ ಮೊಳೆಗಳು ಹುಲ್ಲಿನಲ್ಲೆಲ್ಲ ಬಿದ್ದಿರುತ್ತವೆ. ಚಕ್ರ ಇರುವ ಒಂದು ಮ್ಯಾಗ್ನೆಟ್ ತಂದು ಹುಲ್ಲಿನ ಮೇಲೆ ಉರುಳಿಸುತ್ತಾರೆ. ಉರುಳಿಸಿದರು, ಸಾಮಾನೆಲ್ಲ ಟ್ರಕ್ಕಿಗೆ ಹಾಕಿದರು. ಹೊರಡುವಾಗ ಒಬ್ಬ ಮುದುಕ ಬೇಲಿಯ ಪಕ್ಕ ಬಿದ್ದಿದ್ದ ನನ್ನ ಮಗಳ ಪುಟ್ಟ ಸೈಕಲ್ ನೋಡಿದ. ಟ್ರಕ್ಕಿನಿಂದ ಮ್ಯಾಗ್ನೆಟ್ ಮತ್ತೆ ಇಳಿಸಿ, ಆ ಮೂಲೆಯಲ್ಲಿ ಇನ್ನೂ ನಾಲ್ಕು ಸಲ ಎಳೆದ. ಸಿಕ್ಕ ಮೊಳೆಗಳನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿ ನಕ್ಕ. ಹದಿನೈದಾದರೂ ಇದ್ದವು. ಅವನ ಹತ್ತಿರ ಕಾಗದ ಇತ್ತೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ.

ಇದನ್ನು ಶನಿವಾರ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. "ಹೂಂ ಅಣ್ಣ" ಅಂದು ಇನ್ನೊಂದು ಸೌಟು ಮೊಸರನ್ನ ಹಾಕಿಸಿಕೊಂಡೆ. ಈಗ ಇಲ್ಲಿ ಶೂರನ ಹಾಗೆ ಬರೆಯುತ್ತಿದ್ದೇನೆ.

ಅಣ್ಣಾ, ಓದಿ ಬೇಜಾರಾದರೆ ಫೋನ್ ಮಾಡಿ ಬೈಯಿರಿ, ಬೈಸಿಕೊಳ್ಳುತ್ತೇನೆ. ನಮ್ಮ ರೂಫಿನ ಕಾಂಟ್ರ್ಯಾಕ್ಟರ್ ನಂಬರ್ ಬೇಕಾದರೆ ಕೊಡುತ್ತೇನೆ. ಅವನ ಕ್ರೂ ಇದ್ದಾರೋ ಇಲ್ಲವೋ, ವಿಚಾರಿಸಬೇಕು.

ಹೊಸ ಬುಲೆಟಿನ್ ಬಂದಿದೆಯಂತೆ. ನನ್ನ ಡೇಟ್ ಬಂದಿರಲ್ಲ ಅಂತ ನೋಡದೆಯೇ ಗೊತ್ತು. ನೋಡಿ ಬಂದು ಕಾಮೆಂಟಿಗೆ ಉತ್ತರ ಕೊಡುತ್ತೇನೆ.